ವಸ್ತಿ ಬಸ್ಸಿನ ಪಾಳಿ

ಹೋದ ವಾರ ಮಾನ್ವಿಯ ಒಂದು ಅಕ್ಕಿ ಗಿರಣಿಯ ಆಫೀಸಿನಲ್ಲಿ ಕೂತಿದ್ದೆ. ಭತ್ತ ಒಣಗಿಸುವ ಹೊಸ ಯಂತ್ರ ತರಿಸುವುದು ಲಾಭವೋ, ಈಗಿರುವಂತೆ ಸಿಮೆಂಟಿನ ಕಣದಲ್ಲಿ ಬಿಸಿಲಿಗೆ ಹರವಿ ಹೆಣ್ಣುಮಕ್ಕಳಿಂದ ತಿರುವಿ ಹಾಕಿಸುವುದೇ ಲಾಭವೋ ಎಂದು ಹೇಳಬೇಕಿತ್ತು. ಗಿರಣಿಯ ಸಾಹುಕಾರರು ನನ್ನ ಹಳೆಯ ಧಣಿಗಳು. ಇಂಥ ಅನುಮಾನ ಬಂದಾಗಲೆಲ್ಲ ರಾಯಚೂರಿನಿಂದ ನನ್ನನ್ನು ಕರೆಸುತ್ತಾರೆ, ಚಹಾ ಕುಡಿಸುತ್ತಾರೆ, ನಾನು ಹೇಳಿದ್ದರಲ್ಲಿ ಅರ್ಧ ಕೇಳುತ್ತಾರೆ. ಮಧ್ಯಾಹ್ನಕ್ಕೆ ಬಾಯ್ಲರಿನ ಸದ್ದು ನಿಂತಿತು. ಬೇಯಿಸಿದ ಭತ್ತದ ಮುಗ್ಗಲು ವಾಸನೆಯ ನಡುವೆ ಕಿಟಕಿಯಿಂದ ಪುಂಡಿಪಲ್ಯದ ಹುಳಿವಾಸನೆ ಒಳಗೆ ಬಂತು. ಹುಳಿ ಪುಂಡಿಸೊಪ್ಪಿಗೆ ಜೋಳದ ನುಚ್ಚು ಹಾಕಿ ಬೇಯಿಸಿ, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟ ಪುಂಡಿಪಲ್ಯ.

ಬಾಯಲ್ಲಿ ನೀರೂರಬೇಕಿತ್ತು. ನನಗೆ ಕೂತಲ್ಲೇ ಕಸಿವಿಸಿಯಾಯಿತು. ಗುಮಾಸ್ತನನ್ನು, "ಯಾರ ಡಬ್ಬಿ ಅದು?" ಎಂದೆ. "ಕಣದಾಗಿನ ಹೆಣ್ಮಕ್ಳು ಉಣ್ಣಾಕತ್ತಾರ್ರಿ" ಎಂದ. ಅವರಲ್ಲಿ ಯಾರ ಡಬ್ಬಿ ಎಂದು ನನಗೆ ಗೊತ್ತಿತ್ತು. ಎದ್ದು ಹೋಗುವ ಧೈರ್ಯ ಆಗಲಿಲ್ಲ. ಪೆನ್ನು ಕೆಳಗಿಟ್ಟು, ದೇವದುರ್ಗ ತಾಲೂಕಿನ ಆ ಹತ್ತಿ ಬಿಡಿಸುವ ಕಾಲದ ಬಗ್ಗೆ ಯೋಚಿಸುತ್ತ ಕೂತೆ.

ನಾನು ಖರ್ಚಿನ ಲೆಕ್ಕದವನು. ಜನ ತಿಳಿದಂತೆ ಜಿಪುಣನಲ್ಲ, ಆದರೆ ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ನನಗೆ ಊಟ ಸೇರುವುದಿಲ್ಲ. ರಾಯಚೂರಿನ ನಮ್ಮ ಮನೆಯಲ್ಲಿ ಅಮ್ಮಿ ಇದಕ್ಕೆ ದಿನಾ ಬೈಯುತ್ತಿದ್ದರು. "ಪಂಖೇಕಾ ಹಿಸಾಬ್ ಬಾದ್‌ಮೇ ಕರ್, ಪೈಲೇ ಖಾನಾ ಖಾ" ಎಂದು ತಟ್ಟೆಯನ್ನು ಸದ್ದು ಬರುವಂತೆ ಇಡುತ್ತಿದ್ದರು. ಫ್ಯಾನಿನ ಲೆಕ್ಕ ಆಮೇಲೆ, ಮೊದಲು ಊಟ. ಆದರೂ ನನಗೆ ನನ್ನ ವಿದ್ಯೆಯ ಮೇಲೆ ಪ್ರೀತಿ. ಈ ಗಿರಣಿಯಲ್ಲೇ ಅದನ್ನು ಕಲಿತೆ. ಒಂದು ವರ್ಷ ಸಾಹುಕಾರರು ಹಿಂಬದಿ ಶೆಡ್ಡಿನ ಸಣ್ಣ ಯಂತ್ರ ನಷ್ಟದಲ್ಲಿದೆ, ನಿಲ್ಲಿಸಿಬಿಡೋಣ ಎಂದು ಹಟ ಹಿಡಿದಿದ್ದರು. ಅದನ್ನು ನಿಲ್ಲಿಸಿದರೂ ಶೆಡ್ಡಿನ ಬಾಡಿಗೆ ನಿಲ್ಲುವುದಿಲ್ಲ, ಕಾವಲುಗಾರನ ಸಂಬಳ ನಿಲ್ಲುವುದಿಲ್ಲ, ಬ್ಯಾಂಕಿನ ಬಡ್ಡಿಯಂತೂ ಮೊದಲೇ ನಿಲ್ಲುವುದಿಲ್ಲ. ಅಷ್ಟೂ ಖರ್ಚು ದೊಡ್ಡ ಯಂತ್ರದ ತಲೆಯ ಮೇಲೆ ಬೀಳುತ್ತದೆ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ಯಾವುದನ್ನು ನಿಲ್ಲಿಸಿದರೆ ಯಾವ ಖರ್ಚು ನಿಜವಾಗಿ ಉಳಿಯುತ್ತದೆ ಎಂದು ಮೊದಲು ಕೇಳಿಕೊಳ್ಳಬೇಕು. ನನ್ನ ವಿದ್ಯೆಯೆಲ್ಲ ಇಷ್ಟೇ.

ಖರ್ಚಿನ ಲೆಕ್ಕ ಬಲ್ಲವನೆಂಬ ಹೆಸರಿನ ಮೇಲೆಯೇ ನನಗೆ ಸರ್ಕಾರಿ ಬಸ್ಸಿನ ಸಂಸ್ಥೆಯಲ್ಲಿ ಒಂದು ವರ್ಷದ ಗುತ್ತಿಗೆ ಕೆಲಸ ಸಿಕ್ಕಿತು. ನಷ್ಟದ ಬಸ್ಸುಗಳನ್ನು ಹುಡುಕಿ, ಯಾವುದನ್ನು ನಿಲ್ಲಿಸಬಹುದು ಎಂದು ಹೇಳಬೇಕು. ಮೇಲೆ ಒಬ್ಬ ಅಧಿಕಾರಿ ಇದ್ದರು. ಒಳ್ಳೆಯ ಮನುಷ್ಯ, ಮಾತು ಕಡಿಮೆ, ಮೇಲಿನವರ ಫೋನು ಬಂದರೆ ಮಾತ್ರ ಕುರ್ಚಿಯಿಂದ ಏಳುತ್ತಿದ್ದರು. ಮೊದಲನೇ ದಿನವೇ ಅವರು ನಿಲ್ಲಿಸಬೇಕಾದ ಬಸ್ಸುಗಳ ಹೆಸರು ಓದಿದರು. ಅದರಲ್ಲಿ ಮಲ್ಲಯ್ಯನದೊಡ್ಡಿಯ ವಸ್ತಿ ಬಸ್ಸು ಎಲ್ಲಕ್ಕಿಂತ ಮೇಲಿತ್ತು.

ವಸ್ತಿ ಬಸ್ಸೆಂದರೆ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಸಂಜೆ ಪಟ್ಟಣದಿಂದ ಹೊರಟು ಕಡೆಯ ಊರಿಗೆ ಹೋಗಿ ರಾತ್ರಿ ಅಲ್ಲೇ ಉಳಿದು, ಬೆಳಕು ಹರಿಯುವ ಮೊದಲೇ ಜನರನ್ನು ತುಂಬಿಕೊಂಡು ವಾಪಸು ಬರುವ ಬಸ್ಸು. ಮಲ್ಲಯ್ಯನದೊಡ್ಡಿ ಜಾಲಹಳ್ಳಿ ದಾಟಿದ ಮೇಲೆ, ಡಾಂಬರು ಮುಗಿದ ಮೇಲೆ ಸಿಗುವ ಸಣ್ಣ ಊರು. ಟಿಕೆಟ್ ಮಷೀನಿನ ಪ್ರಕಾರ ಆ ಬಸ್ಸಿನಲ್ಲಿ ಹೋಗುವವರು ಬೆರಳೆಣಿಕೆಯ ಗಂಡಸರು. ಅಧಿಕಾರಿಗಳು, "ಇದನ್ನು ನೋಡೋಕೂ ಹೋಗಬೇಡ್ರಿ, ಖಾಲಿ ಬಸ್ಸು" ಎಂದರು. ಅವರು ಹಾಗೆ ಅಂದದ್ದಕ್ಕೇ ನೋಡಲು ಹೋದೆ.

ದೀಪಾವಳಿ ಮುಗಿದು ಸ್ವಲ್ಪ ದಿನ ಆಗಿತ್ತು. ದೇವದುರ್ಗದ ಬಸ್ ನಿಲ್ದಾಣದಲ್ಲಿ ಸಂಜೆಯ ಬಸ್ಸಿಗೆ ಕಾದು ನಿಂತೆ. ಬಿಸಿಲು ಇಳಿದರೂ ನೆಲ ಕಾದೇ ಇತ್ತು. ಬಸ್ಸು ಬಂದು ನಿಂತದ್ದೇ ತಡ, ಹೆಂಗಸರು ಮುಗಿಬಿದ್ದರು. ಆಸ್ಪತ್ರೆಯಿಂದ ಬಂದವರು, ಸಂತೆ ಮಾಡಿಕೊಂಡವರು, ಬೇರೆಯವರ ಹೊಲದಲ್ಲಿ ಹತ್ತಿ ಬಿಡಿಸಿ ಸೆರಗಿಗೆಲ್ಲ ಬಿಳಿ ಎಳೆ ಅಂಟಿಸಿಕೊಂಡವರು. ನಾನು ಒಂದು ಕಾಲಿನ ಮೇಲೆ ನಿಂತೆ. ಇನ್ನೊಂದು ಕಾಲಿನ ಮೇಲೆ ಯಾರದೋ ಉಳ್ಳಾಗಡ್ಡಿ ಚೀಲ ಇತ್ತು. ಖಾಲಿ ಬಸ್ಸು ಎಂದರೆ ಇದೇನಾ ಎಂದು ಬೆವರು ಒರೆಸಿಕೊಂಡೆ.

ಕಂಡಕ್ಟರ್ ಶರಣಪ್ಪ ಗಬ್ಬೂರಿನವನು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು. ಗಂಡಸರಿಗೆ ಮಾತ್ರ ಟಿಕೆಟ್ ಹರಿದು ಕೊಟ್ಟು, ಹೆಂಗಸರ ಕಡೆ "ಕೂಡ್ರಿ ಯವ್ವಾ, ಒಳಗ ಸರೀರಿ" ಎಂದಷ್ಟೇ ಹೇಳುತ್ತಿದ್ದ. ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ. ಆದರೂ ಹತ್ತಿದ ಪ್ರತಿ ಹೆಂಗಸಿಗೂ ಜೀರೋ ಟಿಕೆಟ್ ಹರಿದು ಕೊಡಬೇಕು. ಅವಳು ಕೊಡುವುದು ಏನೂ ಇಲ್ಲ, ಆದರೆ ಅವಳ ಪ್ರಯಾಣದ ದುಡ್ಡನ್ನು ಸರ್ಕಾರ ಆ ಟಿಕೆಟ್ ನೋಡಿ ಸಂಸ್ಥೆಗೆ ಕಟ್ಟಿಕೊಡುತ್ತದೆ. ಅದು ಇಲ್ಲಿ ನಡೆಯುತ್ತಿರಲಿಲ್ಲ. ನಾನು ಯಾರೆಂದು ಹೇಳಿ, ಯಾಕಪ್ಪಾ ಎಂದು ಕೇಳಿದೆ.

"ಪುಕ್ಕಟಿ ಇದ್ದಮ್ಯಾಲ ಟಿಕೇಟ ಯಾಕ್ರೀ ಸರ? ಸುಮ್ಮನ ಕಾಗದ ಹಾಳು. ಗದ್ಲದಾಗ ಮಷೀನು ಒತ್ಕೋತ ನಿಂತ್ರ ಜಾಲಹಳ್ಳಿನೇ ಬಂದುಬಿಡ್ತದ. ಖರ್ಚ ಉಳಿಸಾಕತ್ತೀನ್ರಿ ನಾನು."

ಖರ್ಚು ಉಳಿಸುವವನು ಎಂದು ನನ್ನ ಮುಂದೆಯೇ ಎದೆ ಉಬ್ಬಿಸಿದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಊರು ತಲುಪಿದಾಗ ಇನ್ನೂ ಮಬ್ಬು ಬೆಳಕಿತ್ತು. ಹನುಮಪ್ಪನ ಗುಡಿ ಮುಂದೆ ಬಸ್ಸು ನಿಂತಿತು. ಡ್ರೈವರ್ ಇಳಿದು ಕೈಕಾಲು ತೊಳೆಯುವ ಹೊತ್ತಿಗೆ ಒಬ್ಬ ಮುದುಕಿ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು. ಬಸಲಿಂಗಮ್ಮ ಎಂದು ಹೆಸರು. "ಇವತ್ತ ನಮ್ಮ ಪಾಳಿ, ಬರ್ರಿ" ಎಂದಳು. ವಸ್ತಿ ಬಸ್ಸಿನವರಿಗೆ ಊಟ ಹಾಕುವುದು ಆ ಊರಿನ ಪದ್ಧತಿ. ದಿನಕ್ಕೊಂದು ಮನೆಯಂತೆ ಪಾಳಿ. ಬಸ್ಸು ಊರಿಗೆ ಬಂದಾಗಿನಿಂದ ಆ ಪಾಳಿ ಒಮ್ಮೆಯೂ ತಪ್ಪಿಲ್ಲ ಎಂದು ಶರಣಪ್ಪ ದಾರಿಯಲ್ಲೇ ಹೆಮ್ಮೆಯಿಂದ ಹೇಳಿದ್ದ. ಮನೆಯಲ್ಲಿ ಸೂತಕ ಇದ್ದರೆ ಪಕ್ಕದ ಮನೆಯವರು ಪಾಳಿ ಎತ್ತಿಕೊಳ್ಳುತ್ತಾರೆ. ಜಗಳ ಆಡಿದವರು ಜಗಳ ಮುಂದುವರಿಸುತ್ತಲೇ ರೊಟ್ಟಿ ಕಳಿಸುತ್ತಾರೆ.

ನನ್ನನ್ನೂ ಕರೆದರು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ. ಬಡಿಸಿದವಳು ಬಸಲಿಂಗಮ್ಮನ ಸೊಸೆ ಹುಸೇನಮ್ಮ. ಹೆಸರು ಕೇಳಿ ನಾನು ತಲೆ ಎತ್ತಿದೆ. "ನಿಮ್ಮವಳಲ್ರಿ ಸಾಬ್ರ, ನಮ್ಮವಳೇ. ಅವರವ್ವ ಮೊಹರಮ್ಮಿನ ಅಲಾಯಿ ದೇವ್ರಿಗಿ ಹರಕಿ ಹೊತ್ತು ಹಡದಾಳ" ಎಂದು ಮುದುಕಿ ನಕ್ಕಳು. ಹುಸೇನಮ್ಮ ನಾನು ಬಂದ ಬಸ್ಸಿನಲ್ಲೇ ಬಂದಿದ್ದಳು. ಬಂದವಳೇ ಮುಖ ತೊಳೆದು ಒಲೆ ಮುಂದೆ ಕೂತಿದ್ದಳು. ಗಂಡ ಭತ್ತ ಕೊಯ್ಯುವ ಯಂತ್ರದ ಜೊತೆ ವರ್ಷದ ಅರ್ಧ ಭಾಗ ತೆಲಂಗಾಣದಲ್ಲಿ ಇರುತ್ತಾನೆ. ಇವಳಿಗೆ ದೇವದುರ್ಗದ ಒಂದು ಆಸ್ಪತ್ರೆಯಲ್ಲಿ ಗುತ್ತಿಗೆಯ ಕೆಲಸ. ನೆಲ ಒರೆಸುವುದು, ಹಾಸಿಗೆಯ ಬಟ್ಟೆ ಬದಲಿಸುವುದು. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು.

"ಈ ಬಸ್ಸಿನಾಗ ಹೋಗ್ತೀನಿ, ಈ ಬಸ್ಸಿನಾಗ ಬರ್ತೀನ್ರಿ" ಎಂದಳು. "ಕೆಲ್ಸ ಎಲ್ಲೆರ ಸಿಗ್ತದ. ಸಂಜಿಗಿ ಮನಿಗಿ ಬರೂದು ಎಲ್ಲಿ ಸಿಗ್ತದ್ರಿ?" ಅವಳ ಮಗಳು, ಇನ್ನೂ ಶಾಲೆಗೆ ಸೇರದ ಕೂಸು, ಅವಳ ಬೆನ್ನಿಗೆ ಆನಿಕೊಂಡು ನಿದ್ದೆ ಹೋಗಿತ್ತು. ರೊಟ್ಟಿ ತಟ್ಟುವಾಗಲೂ ಅದು ಬೆನ್ನು ಬಿಟ್ಟಿರಲಿಲ್ಲ.

ಊಟ ಮಾಡಿದ ಮೇಲೆ ಗುಡಿ ಕಟ್ಟೆಯ ಮೇಲೆ ಜನ ಸೇರಿದರು. ಬಸ್ಸು ನಿಲ್ಲಿಸುತ್ತಾರಂತೆ ಎಂಬ ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು. ನಾನು ಇದ್ದದ್ದು ಇದ್ದಂತೆ ಹೇಳಿದೆ. ಆಫೀಸಿನಲ್ಲಿ ಕೂತವರಿಗೆ ಬಸ್ಸು ಕಾಣುವುದಿಲ್ಲ, ಟಿಕೆಟ್ ಕಾಣುತ್ತದೆ. ಟಿಕೆಟ್ ತೆಗೆದುಕೊಳ್ಳದ ಹೆಂಗಸು ಬಸ್ಸಿನಲ್ಲಿ ಇದ್ದರೂ ಇಲ್ಲದ ಹಾಗೆ. ಇಷ್ಟು ದಿನ ಈ ಊರಿನ ಹೆಂಗಸರು ಯಾರೂ ದೇವದುರ್ಗಕ್ಕೆ ಹೋಗಿಯೇ ಇಲ್ಲ ಎಂದು ನಮ್ಮ ಲೆಕ್ಕ ಹೇಳುತ್ತದೆ. ನಾಳೆಯಿಂದ ಟಿಕೆಟ್ ಕೇಳಿ ತೆಗೆದುಕೊಳ್ಳಿ. ನಿಮ್ಮ ಬಸ್ಸು ಉಳಿಯುವುದು ಅದರಿಂದಲೇ.

ಬಸಲಿಂಗಮ್ಮ ಸೊಂಟದ ಚೀಲದಿಂದ ಎಲೆ ಅಡಿಕೆ ತೆಗೆದು ನಿಧಾನ ಹಾಕಿಕೊಂಡಳು.

"ಅಂದ್ರ ಟಿಕೇಟ ತಗೊಂಡ್ರ ಬಸ್ಸಿಗಿ ಊಟ ಹಾಕಿದಂಗ ಅನ್ರಿ."

"ಹಂಗ ತಿಳ್ಕೋರಿ ಅಮ್ಮಾ" ಎಂದೆ. ಆ ಮಾತು ನನಗೆ ಬಹಳ ಹಿಡಿಸಿತು. ಎಷ್ಟು ಚಂದ ತಿಳಿದುಕೊಂಡಳು ಮುದುಕಿ ಎಂದು ಮೆಚ್ಚಿಕೊಂಡೆ. ಆ ಮೆಚ್ಚುಗೆಯನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಬೆಳಿಗ್ಗೆ ಅದೇ ಬಸ್ಸಿಗೆ ಹೊರಟೆ. ಚಳಿಗೆ ಎಲ್ಲರೂ ಸೆರಗು ಹೊದ್ದಿದ್ದರು. ಶರಣಪ್ಪ ಗೊಣಗುತ್ತ ಗೊಣಗುತ್ತ ಎಲ್ಲ ಹೆಂಗಸರಿಗೂ ಟಿಕೆಟ್ ಹರಿದ. ಹುಸೇನಮ್ಮ ತನ್ನ ಟಿಕೆಟನ್ನು ನನಗೆ ಕಾಣುವಂತೆ ಎತ್ತಿ ಹಿಡಿದು, "ಇವತ್ತ ನಾ ಅದೀನ್ರಿ ಸರ" ಎಂದಳು. ಬಸ್ಸು ಪೂರ್ತಿ ನಕ್ಕಿತು. ಅವತ್ತಿನಿಂದ ನನಗೆ ಖರ್ಚಿನ ಸಾಬ್ರು ಎಂದು ಹೆಸರಾಯಿತು.

ರಾಯಚೂರಿಗೆ ಬಂದು ಅಧಿಕಾರಿಗಳ ಜೊತೆ ವಾದಕ್ಕೆ ಕೂತೆ. ಈ ಬಸ್ಸನ್ನು ರಾತ್ರಿ ಡಿಪೋದಲ್ಲೇ ನಿಲ್ಲಿಸಿದರೆ ಡ್ರೈವರ್ ಸಂಬಳ ಉಳಿಯುವುದಿಲ್ಲ, ಕಂಡಕ್ಟರ್ ಸಂಬಳ ಉಳಿಯುವುದಿಲ್ಲ. ಉಳಿಯುವುದು ರಾತ್ರಿಯ ಭತ್ಯೆ, ಸ್ವಲ್ಪ ಡೀಸೆಲ್. ಬೆಳಿಗ್ಗೆ ಡಿಪೋದಿಂದ ಬಸ್ಸು ಬಿಟ್ಟರೆ ಊರಿನ ತನಕ ಖಾಲಿ ಹೋಗಬೇಕು, ಆ ಡೀಸೆಲ್ ಹಾಳು. ಅದೂ ಅಲ್ಲದೆ ಬಸ್ಸು ಖಾಲಿಯಿಲ್ಲ, ಟಿಕೆಟ್ ಹರಿದಿರಲಿಲ್ಲ ಅಷ್ಟೇ. ಅವರು ಕನ್ನಡಕ ತೆಗೆದು ಒರೆಸಿದರು. "ನೀವು ಹೇಳೋದು ಸರಿ ಇರಬಹುದು. ಸಂಕ್ರಾಂತಿ ತನಕ ನೋಡೋಣ. ಟಿಕೆಟ್ ಬಂದರೆ ಬಸ್ಸು ಇರುತ್ತೆ" ಎಂದರು.

ಟಿಕೆಟ್ ಬಂತು. ದಿನದಿಂದ ದಿನಕ್ಕೆ ಏರಿತು. ನಾನು ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಆ ಒಂದು ಬಸ್ಸಿನ ಲೆಕ್ಕವನ್ನು. ಅಮ್ಮಿಗೆ ಕರೆದು ತೋರಿಸಿದ್ದೂ ಉಂಟು. ಅವರು ಕನ್ನಡಕವಿಲ್ಲದೆ ನೋಡಿ ಮಾಷಾ ಅಲ್ಲಾ ಎಂದು, ಅಡುಗೆಮನೆಗೆ ಹೋದರು. ಖರ್ಚು ಕಡಿತದವನೆಂದರೆ ಜನ ಕತ್ತರಿ ಹಿಡಿದವನನ್ನು ಕಂಡಂತೆ ಕಾಣುತ್ತಾರೆ. ಜೀವನದಲ್ಲಿ ಮೊದಲ ಸಲ ನನ್ನ ಲೆಕ್ಕ ಒಂದು ಊರನ್ನು ಉಳಿಸುತ್ತಿದೆ ಎಂದು ನನಗೆ ಅನಿಸಿತ್ತು.

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆ, ಮಲ್ಲಯ್ಯನದೊಡ್ಡಿಯಿಂದ ಕರೆ ಬಂತು. ಹೊಲದಲ್ಲಿ ಊಟ. ಸಜ್ಜೆ ರೊಟ್ಟಿ, ಭರ್ತ, ಎಳ್ಳು ಹಚ್ಚಿದ ಕಡುಬು. ಹತ್ತಿ ಗಿಡದ ಸಾಲುಗಳ ಮಧ್ಯೆ ಕಂಬಳಿ ಹಾಸಿ ನನ್ನನ್ನು ನೆಂಟನಂತೆ ಕೂಡಿಸಿದರು. ಹುಸೇನಮ್ಮನ ಮಗಳು ನನ್ನ ಪೆನ್ನು ಕಸಿದುಕೊಂಡು ಕೈಮೇಲೆಲ್ಲ ಗೀಚಿಕೊಂಡಿತು. ಬಸಲಿಂಗಮ್ಮ ನನ್ನ ತಟ್ಟೆಗೆ ಬೇಡವೆಂದರೂ ಕಡುಬು ಹಾಕುತ್ತ, "ಎಲ್ಲಾ ಪಾಳಿ ಪ್ರಕಾರ ನಡದದ್ರಿ ಸಾಬ್ರ, ಒಂದ ಮನಿನೂ ತಪ್ಪಿಲ್ಲ" ಎಂದಳು. ರೊಟ್ಟಿಯ ಪಾಳಿ ಎಂದುಕೊಂಡೆ. ಇನ್ನೊಂದು ಕಡುಬು ಹಾಕಿಸಿಕೊಂಡೆ.

ಸಂಕ್ರಾಂತಿಗೆ ಸ್ವಲ್ಪ ಮುಂಚೆ, ಒಂದು ಬೆಳಿಗ್ಗೆ ಜಾಲಹಳ್ಳಿಯ ಆಚೆ ಚೆಕಿಂಗ್‌ನವರು ಆ ಬಸ್ಸನ್ನು ತಡೆದರು. ಮಷೀನು ಹೇಳಿದಷ್ಟು ಹೆಂಗಸರು ಬಸ್ಸಿನಲ್ಲಿ ಇರಲಿಲ್ಲ. ಬಸ್ಸಿನ ತುಂಬ ಜನ ಇದ್ದರು, ಅದು ಸುಳ್ಳಲ್ಲ. ಆದರೆ ಟಿಕೆಟ್ ಅದಕ್ಕಿಂತ ಬಹಳ ಇತ್ತು. ಆಗ ಎಲ್ಲ ಹೊರಬಿತ್ತು. ಅದನ್ನು ಯಾರೂ ಮುಚ್ಚಿಟ್ಟಿರಲೂ ಇಲ್ಲ. ಬಸಲಿಂಗಮ್ಮ ಊರಿನಲ್ಲಿ ಟಿಕೆಟ್ಟಿಗೂ ಪಾಳಿ ಹಚ್ಚಿದ್ದಳು. ರೊಟ್ಟಿಯ ಪಾಳಿ ಇದ್ದ ಹಾಗೆಯೇ. ಇವತ್ತು ಈ ಓಣಿ, ನಾಳೆ ಆ ಓಣಿ. ಪಾಳಿ ಬಂದ ಮನೆಯ ಹೆಂಗಸರು ದೇವದುರ್ಗಕ್ಕೆ ಹೋಗಲಿ ಬಿಡಲಿ, ಬೆಳಿಗ್ಗೆ ಬಸ್ಸಿನ ಹತ್ತಿರ ಬಂದು, ಆಧಾರ್ ಕಾರ್ಡು ತೋರಿಸಿ, ಟಿಕೆಟ್ ತೆಗೆದುಕೊಂಡು, ಬುಟ್ಟಿ ಹೊತ್ತು ಹತ್ತಿ ಬಿಡಿಸಲು ಹೊಲಕ್ಕೆ ಹೋಗುತ್ತಿದ್ದರು. ಬಾಣಂತಿಯ ಟಿಕೆಟನ್ನು ಅವಳ ಅತ್ತೆ ತೆಗೆದುಕೊಳ್ಳುತ್ತಿದ್ದಳು. ತವರಿಗೆ ಹೋದವಳ ಪಾಲಿನದನ್ನು ನಾದಿನಿ. ಬಸ್ಸಿಗೆ ಊಟ ಹಾಕುವುದರಲ್ಲಿ ಯಾವ ಮನೆಯೂ ಹಿಂದೆ ಬೀಳಬಾರದಲ್ಲ.

ಅವರಿಗೆ ಅದರಲ್ಲಿ ಮೋಸ ಎಂಬುದು ಕನಸಿನಲ್ಲೂ ಬಂದಿರಲಿಲ್ಲ. ಟಿಕೆಟ್ಟಿಗೆ ದುಡ್ಡಿಲ್ಲ, ಯಾರ ಗಂಟೂ ಹೋಗುವುದಿಲ್ಲ. ಆದರೆ ಒಂದೊಂದು ಜೀರೋ ಟಿಕೆಟ್ಟಿಗೂ ಸರ್ಕಾರ ದುಡ್ಡು ಕಟ್ಟುತ್ತದೆ. ಹೋಗದವರ ಹೆಸರಿನಲ್ಲಿ ಟಿಕೆಟ್ ಹರಿದರೆ ಅದು ಸರ್ಕಾರಕ್ಕೆ ಮಾಡಿದ ವಂಚನೆ. ಈ ಎರಡನೆಯ ಭಾಗವನ್ನು ಗುಡಿ ಕಟ್ಟೆಯ ಮೇಲೆ ಹೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಬಸ್ಸು ಹತ್ತದವರು ಟಿಕೆಟ್ ತೆಗೆದುಕೊಳ್ಳಬೇಡಿ ಎಂದು ಯಾರಾದರೂ ಯಾರಿಗಾದರೂ ಹೇಳುತ್ತಾರೆಯೇ?

ಅಧಿಕಾರಿಗಳ ಮುಂದೆ ಬಾಯಿ ನೋಯುವ ತನಕ ಮಾತಾಡಿದೆ. ಹೆಚ್ಚಿನ ಟಿಕೆಟ್ ತೆಗೆದು ಹಾಕಿ, ನಿಜವಾಗಿ ಕೂತವರನ್ನಷ್ಟೇ ಲೆಕ್ಕ ಹಿಡಿಯಿರಿ, ಆಗಲೂ ಈ ಬಸ್ಸು ಓಡಿಸುವುದೇ ಮೇಲು ಎಂದೆ. ಅವರು ಕಿಟಕಿಯ ಹೊರಗೆ ನೋಡಿದರು.

"ಯಾವುದು ನಿಜದ ಟಿಕೆಟ್, ಯಾವುದು ಪಾಳಿಯ ಟಿಕೆಟ್ ಅಂತ ಹೆಂಗ್ರೀ ಹೇಳ್ತೀರಿ? ಮೇಲಿನವರಿಗೆ ಏನಂತ ಬರೀಲಿ? ರೊಟ್ಟಿ ಪಾಳಿ ಅಂತ ಬರೀಲೇನು?"

ಟಿಕೆಟ್ ಇಲ್ಲದಾಗ ಬಸ್ಸು ತುಂಬಿದೆ ಎಂದರೆ ಯಾರೂ ನಂಬಲಿಲ್ಲ. ಟಿಕೆಟ್ ಇದ್ದಾಗಲೂ ಬಸ್ಸು ತುಂಬಿದೆ ಎಂದರೆ ಯಾರೂ ನಂಬಲಿಲ್ಲ. ಶರಣಪ್ಪನಿಗೆ ಅಮಾನತಾಯಿತು. ವಸ್ತಿ ರದ್ದಾಯಿತು. ಇನ್ನು ಮುಂದೆ ಬಸ್ಸು ಬೆಳಿಗ್ಗೆ ದೇವದುರ್ಗದಿಂದ ಹೊರಟು ಬಿಸಿಲೇರಿದ ಮೇಲೆ ಊರು ಮುಟ್ಟುತ್ತದೆ, ಮಧ್ಯಾಹ್ನ ಇನ್ನೊಂದು ಸಲ ಬಂದು ಹೋಗುತ್ತದೆ, ಸಂಜೆ ಬಸ್ಸಿಲ್ಲ ಎಂದು ಆದೇಶ ಬಂತು.

ಯಾರೋ ಫೋನಿನಲ್ಲಿ ಹೇಳುವುದಕ್ಕಿಂತ ನಾನೇ ಹೋಗಿ ಹೇಳುವುದು ಸರಿ ಎಂದು ಬಾಡಿಗೆ ಮೋಟರ್‌ಸೈಕಲ್ ತೆಗೆದುಕೊಂಡು ಹೋದೆ. ಮಲ್ಲಯ್ಯನದೊಡ್ಡಿ ಮುಟ್ಟಿದಾಗ ಸಂಜೆ. ಹತ್ತಿ ಮುಗಿದು ಹೊಲಗಳು ಬರೀ ಕಟ್ಟಿಗೆಯಾಗಿ ನಿಂತಿದ್ದವು. ಅವತ್ತು ಬಸಲಿಂಗಮ್ಮನ ಮನೆಯ ಪಾಳಿ. ಮುದುಕಿ ಎಂದಿನಂತೆ ಗುಡಿ ಕಟ್ಟೆಯ ಮೇಲೆ ಕೂತಿದ್ದಳು. ಹುಸೇನಮ್ಮ ಆ ದಿನ ರಜೆ ಹಾಕಿ ಮನೆಯಲ್ಲೇ ಇದ್ದು ರೊಟ್ಟಿ ಮಾಡಿ ಇಟ್ಟಿದ್ದಳು. ಶರಣಪ್ಪನ ಸುದ್ದಿ ಅವರಿಗೆ ಗೊತ್ತಿತ್ತು, ಆದರೆ ಬಸ್ಸು ಹೇಗೂ ಬರುತ್ತದೆ, ಬೇರೆ ಕಂಡಕ್ಟರ್ ಬರುತ್ತಾನೆ ಎಂದುಕೊಂಡಿದ್ದರು.

ಬರುವುದಿಲ್ಲ ಎಂದೆ.

"ನಾವ್ ಹೆಚ್ಚಿಗಿ ಹಾಕಿದ್ದಕ್ಕ ಬಿಟ್ಟು ಹೋತೇನ್ರಿ?" ಎಂದಳು ಬಸಲಿಂಗಮ್ಮ. ಅಷ್ಟು ದೊಡ್ಡ ಮುದುಕಿ ಮಕ್ಕಳಂತೆ ಕೆಳತುಟಿ ಕಚ್ಚಿಕೊಂಡಿದ್ದಳು. ನಾನು ಚಪ್ಪಲಿಯಿಂದ ಮಣ್ಣು ಕೆರೆಯುತ್ತ ನಿಂತೆ.

ಹುಸೇನಮ್ಮ ಅಳಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು.

"ಸರ, ಪಾಳಿ ಟಿಕೇಟ ಸುಳ್ಳ, ಒಪ್ಕೋತೀನಿ. ನಾ ದಿನಾ ಖರೇನೇ ಹೋಗೀನಿ, ಖರೇನೇ ಬಂದೀನಿ. ನಂದು ಖರೇ ಟಿಕೇಟ ಇತ್ತಲ್ರಿ. ಅದನ್ಯಾಕ ಸುಳ್ಳ ಮಾಡಿದ್ರಿ?"

ಇದೇ ಮಾತನ್ನು ನಾನು ಅಧಿಕಾರಿಗಳಿಗೆ ಹೇಳಿದ್ದೆ. ಅವಳ ಬಾಯಿಂದ ಕೇಳಿದಾಗ ನನಗೆ ನಿಲ್ಲಲಾಗಲಿಲ್ಲ. ಹೊರಡುತ್ತೇನೆ ಎಂದೆ. ಅವಳು ಒಳಗೆ ಹೋಗಿ, ಬಸ್ಸಿನವರಿಗೆಂದು ಮಾಡಿದ ರೊಟ್ಟಿ, ಪುಂಡಿಪಲ್ಯ ಎಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಕಟ್ಟಿ ತಂದು ನನ್ನ ಕೈಗಿಟ್ಟಳು. "ಗಬ್ಬೂರಿನ ಮ್ಯಾಲೇ ಹೋಗ್ತೀರಲ್ಲ. ಕಂಡಕ್ಟರಪ್ಪಗ ಕೊಡ್ರಿ. ನಮ್ಮ ಪಾಳಿ ತಪ್ಪೂದು ಬ್ಯಾಡ."

ಆ ಗಂಟು ಗಬ್ಬೂರು ಮುಟ್ಟುವ ತನಕ ಹೊಟ್ಟೆಗೆ ಬೆಚ್ಚಗೆ ತಾಗುತ್ತಿತ್ತು. ಶರಣಪ್ಪ ಮನೆಯ ಜಗಲಿಯ ಮೇಲೆ ಲುಂಗಿ ಉಟ್ಟು ಕೂತಿದ್ದ. ಯೂನಿಫಾರ್ಮ್ ಇಲ್ಲದೆ ಅವನನ್ನು ನೋಡಿದ್ದು ಅದೇ ಮೊದಲು. ಎಷ್ಟು ಸಣ್ಣ ಆಳು ಎನಿಸಿತು. ಅವನು ಬೈದರೆ ಬೈಸಿಕೊಳ್ಳಲು ತಯಾರಾಗಿ ಹೋಗಿದ್ದೆ. ಅವನು ಗಂಟು ಬಿಚ್ಚಿ, ವಾಸನೆ ನೋಡಿ, "ಬಸಲಿಂಗಮ್ಮನ ಮನಿದು" ಎಂದ.

"ಹೆಚ್ಚಿಗಿ ಟಿಕೇಟ ಹರಿಬಾರದು ಅಂತ ನಿಂಗ ಗೊತ್ತಿತ್ತಲ್ಲೋ ಶರಣಪ್ಪ" ಎಂದೆ. ಸಿಟ್ಟಿನಲ್ಲಿ ಕೇಳಲಿಲ್ಲ, ಸಂಕಟದಲ್ಲಿ ಕೇಳಿದೆ.

"ಗೊತ್ತಿತ್ರಿ ಸರ. ಮೊದಲ್ನೇ ದಿನ ಒಲ್ಲೆ ಅಂದೆ. ಆ ಮುದಿಕಿ, ನಮ್ಮ ರೊಟ್ಟಿ ಉಣ್ತಿ, ನಮ್ಮ ಟಿಕೇಟ ಒಲ್ಲಿ ಅಂತೀಯೇನು ಅಂದ್ಲು. ಅಷ್ಟ ವರ್ಷ ಉಂಡವ ಇಲ್ಲ ಅನ್ನಾಕ ಬರ್ತದೇನ್ರಿ?"

ರೊಟ್ಟಿ ಮುರಿದು ನನಗೂ ಕೊಟ್ಟ. ಇಬ್ಬರೂ ಉಂಡೆವು. ಕೆಲವು ತಿಂಗಳಿಗೆ ಅವನಿಗೆ ಕೆಲಸ ವಾಪಸು ಸಿಕ್ಕಿತು, ಆದರೆ ಬಹಳ ದೂರದ ಜಿಲ್ಲೆಗೆ ಹಾಕಿದರು. ನನ್ನ ಗುತ್ತಿಗೆಯೂ ಮುಗಿಯಿತು. ನಾನು ಹೇಳಿದ ಬೇರೆ ಬಸ್ಸುಗಳನ್ನು ನಿಲ್ಲಿಸಿ ಸಂಸ್ಥೆಗೆ ಉಳಿತಾಯವಾಗಿದೆ ಎಂದು ಶಾಲು ಹೊದಿಸಿ ಕಳಿಸಿದರು. ಆ ಶಾಲನ್ನು ನಾನು ಒಮ್ಮೆಯೂ ಹೊದ್ದಿಲ್ಲ.

ಹುಸೇನಮ್ಮ ಸ್ವಲ್ಪ ದಿನ ಹಾಲಿನ ಗಾಡಿ ಹತ್ತಿ ಆಸ್ಪತ್ರೆಗೆ ಹೋದಳು. ಹಾಲಿನ ಗಾಡಿಗೆ ಹೊತ್ತುಗೊತ್ತಿಲ್ಲ. ಸಂಜೆ ಜಾಲಹಳ್ಳಿಯಿಂದ ನಡೆದು ಬರಬೇಕು. ತಡವಾಯಿತು, ಮತ್ತೆ ತಡವಾಯಿತು, ಗುತ್ತಿಗೆದಾರ ಇನ್ನೊಬ್ಬಳನ್ನು ಇಟ್ಟುಕೊಂಡ. ನನಗೆ ತಿಳಿದಾಗ ಮಾನ್ವಿಯ ಸಾಹುಕಾರರ ಕೈಕಾಲು ಹಿಡಿದು ಗಿರಣಿಯ ಕಣದಲ್ಲಿ ಅವಳಿಗೆ ಕೆಲಸ ಕೊಡಿಸಿದೆ. ಭತ್ತವನ್ನು ಕಾಲಿನಿಂದ ಸಾಲು ಎಳೆದು ತಿರುವುವ ಕೆಲಸ. ಸಂಬಳ ಆಸ್ಪತ್ರೆಗಿಂತ ಹೆಚ್ಚು. ಒಳ್ಳೆಯದು ಮಾಡಿದೆ ಎಂದುಕೊಂಡೆ. ಆದರೆ ಮಾನ್ವಿಯಿಂದ ದಿನಾ ಮನೆಗೆ ಹೋಗಿ ಬರಲಾಗುವುದಿಲ್ಲ. ಗಿರಣಿಯ ಹಿಂದೆ ಒಂದು ಕೋಣೆ ಹಿಡಿದಳು. ಮಗಳು ಅಜ್ಜಿಯ, ಅವರ ಮಾತಿನಲ್ಲಿ ಆಯಿಯ, ಹತ್ತಿರ ಉಳಿಯಿತು. ಅಮಾವಾಸ್ಯೆಗೆ ಗಿರಣಿ ಬಂದ್ ಇದ್ದಾಗ ಮಾತ್ರ ಊರು.

ಒಮ್ಮೆ ಹೇಗಿದ್ದೀಯಮ್ಮಾ ಎಂದು ಕೇಳಿದ್ದೆ. "ಆರಾಮ ಅದೀನ್ರಿ. ಮಗಳು ಈಗ ಆಯಿಗಿ ಅವ್ವಾ ಅಂತದ. ನನಗ ಮಾನ್ವಿ ಅವ್ವ ಅಂತದ" ಎಂದಿದ್ದಳು. ಅದಾದ ಮೇಲೆ ಗಿರಣಿಗೆ ಬಂದರೂ ಕಣದ ಕಡೆ ಹೋಗುವುದನ್ನು ತಪ್ಪಿಸುತ್ತ ಬಂದಿದ್ದೆ. ಅವಳ ಬೆನ್ನಿಗೆ ಆನಿ ಮಲಗಿದ್ದ ಆ ಕೂಸು ನನ್ನ ಕಣ್ಣಿಗೆ ಕಟ್ಟಿದೆ. ಆ ಬಸ್ಸು ಹೋದದ್ದಕ್ಕೆ ನನಗೆ ಇವತ್ತಿಗೂ ಸಮಾಧಾನವಿಲ್ಲ. ಯಾರನ್ನು ಬೈಯಬೇಕೆಂದು ತಿಳಿಯದಿರುವುದರಿಂದ ಆ ಸಂಕಟ ಕರಗುವುದೂ ಇಲ್ಲ.

ಹೋದ ವಾರ ಪುಂಡಿಪಲ್ಯದ ವಾಸನೆ ಬಂದಾಗ ಇದೆಲ್ಲ ನೆನಪಾಗಿ ಕೂತಿದ್ದೆ. ಸಾಹುಕಾರರು ಊಟಕ್ಕೆ ಹೋಗಿದ್ದರು. ಯಂತ್ರ ತರಿಸಿದರೆ ಕಣದ ಕೆಲಸ ಇರುವುದಿಲ್ಲ. ಹುಸೇನಮ್ಮನ ಕೆಲಸವೂ ಇರುವುದಿಲ್ಲ. ಅಷ್ಟು ಗೊತ್ತಿದ್ದೂ ನಾನು ಆಫೀಸಿನಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು. ಎದ್ದು ಹೊರಗೆ ಹೋದೆ.

ಬೇವಿನ ನೆರಳಲ್ಲಿ ಹೆಂಗಸರು ವೃತ್ತವಾಗಿ ಕೂತು ಉಣ್ಣುತ್ತಿದ್ದರು. ಹುಸೇನಮ್ಮ ನನ್ನನ್ನು ನೋಡಿ ಸೆರಗು ಸರಿ ಮಾಡಿಕೊಂಡಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ಏನೂ ಕೇಳದೆ ಒಂದು ರೊಟ್ಟಿಯ ಮೇಲೆ ಪಲ್ಯ ಹಾಕಿ ಚಾಚಿದಳು.

"ಯಂತ್ರದ ಲೆಕ್ಕಕ್ಕ ಬಂದೀರಂತಲ್ರಿ ಸರ?"

ಹೌದು ಎಂದೆ. ಉಳಿದ ಹೆಂಗಸರು ಉಣ್ಣುವುದು ನಿಲ್ಲಿಸಿದರು.

"ತಗೋರಿ, ಉಣ್ರಿ ಮೊದಲು" ಎಂದಳು. ನಾನು ರೊಟ್ಟಿ ತೆಗೆದುಕೊಂಡ ಮೇಲೆ, ಮೆಲ್ಲಗೆ, ಸಿಟ್ಟಿಲ್ಲದೆ ಹೇಳಿದಳು: "ಹ್ವಾದ ಸಲ ಅರ್ಧ ಹೇಳಿದ್ರಿ. ನಾವ್ ಉಳದರ್ಧ ನಮಗ ತಿಳದಂಗ ಮಾಡಿದ್ವಿ. ಈ ಸಲ ಪೂರಾ ಹೇಳ್ರಿ. ಏನ್ ಮಾಡ್ಬೇಕು, ಏನ್ ಮಾಡಬಾರ್ದು, ಎಲ್ಲಾ."

ನಾನು ಕಣದ ಅಂಚಿನಲ್ಲಿ, ಕಾದ ಸಿಮೆಂಟಿನ ಮೇಲೆ ಅವರ ಸಾಲಿನಲ್ಲೇ ಕೂತೆ. ಸಾಹುಕಾರರ ಕಾರು ಗೇಟಿನೊಳಗೆ ಬರುತ್ತಿತ್ತು. ಏಳಲಿಲ್ಲ. ಯಂತ್ರದ ಬೆಲೆಯಿಂದ ಶುರು ಮಾಡಿದೆ.